ಟಿಕೋಟಾದ ಮಣೂಕಕ್ಕೆ ಪರದೇಶದ ಸುಳ್ಳು ಸಾಕ್ಷಿ ಯಾಕೆ ಬೇಕು?

ಕಳೆದ ಬೇಸಿಗೆಯಲ್ಲಿ ಒಣದ್ರಾಕ್ಷಿ ದರದ ಸುದ್ದಿ ಮಾಡಲು ಟಿಕೋಟಾ ಕಡೆ ಹೋಗಿದ್ದೆ. ಅಥಣಿ ರಸ್ತೆಯಿಂದ ಒಳಗೆ ಒಂದು ತೋಟ. ಮಣೂಕ ಶೆಡ್ಡಿನ ನೆರಳಿನಲ್ಲಿ ಕೂತು ಚಹಾ ಕುಡಿಯುತ್ತಿದ್ದಾಗ ತೋಟದ ಕಾಕಾ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು.

"ತಮ್ಮಾ, ನೀ ಪೇಪರ್‌ನಾಂವ ಇದ್ದೀ. ಇದೇನ್ ಐತಿ ನೋಡಿ ಹೇಳು."

ಅದೊಂದು ಪಿಡಿಎಫ್. ಮೇಲೆ ದೊಡ್ಡ ಅಕ್ಷರದಲ್ಲಿ 'ಬ್ಯಾಕ್‌ಲಿಂಕ್ ರಿಪೋರ್ಟ್' ಅಂತ ಇತ್ತು. ಕೆಳಗೆ ಸಾಲು ಸಾಲು ವಿಳಾಸ, ಒಟ್ಟು 500. ಕಾಕಾನ ಮಗ ಮಣೂಕ ಮಾರಲು ಒಂದು ವೆಬ್‌ಸೈಟ್ ಮಾಡಿಸಿದ್ದ. ಅದನ್ನು ಗೂಗಲ್‌ನಲ್ಲಿ ಮೇಲೆ ತರುತ್ತೇವೆ ಅಂತ ಯಾರೋ ಫೋನಿನಲ್ಲೇ ಮಾತಾಡಿ 18 ಸಾವಿರ ರೂಪಾಯಿ ತಗೊಂಡಿದ್ದರು. ಮೂರು ತಿಂಗಳಾಗಿತ್ತು.

ನಾನು ಒಂದೊಂದೇ ವಿಳಾಸ ಒತ್ತಿ ನೋಡಿದೆ. ಮೊದಲನೆಯದು ಯಾವುದೋ ದೇಶದ ಕಾರು ರಿಪೇರಿ ಮಾಡುವವರ ಚರ್ಚಾ ತಾಣ. ಎರಡನೆಯದು ವಿಡಿಯೋ ಗೇಮ್ ಆಡುವ ಹುಡುಗರದು. ಮೂರನೆಯದು ಅಕ್ವೇರಿಯಂ ಮೀನು ಸಾಕುವವರದು. ಪ್ರತಿಯೊಂದರಲ್ಲೂ ಯಾರದೋ ಹೆಸರಿನ ಒಂದು ಪ್ರೊಫೈಲ್, ಎಲ್ಲಿಂದಲೋ ಎತ್ತಿದ ಒಂದು ಫೋಟೊ, 'ನನ್ನ ಬಗ್ಗೆ' ಅನ್ನುವ ಜಾಗದಲ್ಲಿ "ವಿಜಯಪುರದ ಶ್ರೇಷ್ಠ ಒಣದ್ರಾಕ್ಷಿ" ಅಂತ ಇಂಗ್ಲಿಷಿನಲ್ಲಿ ಒಂದು ಸಾಲು, ಕೆಳಗೆ ಕಾಕಾನ ವೆಬ್‌ಸೈಟ್ ವಿಳಾಸ. ಆ 'ಸದಸ್ಯರು' ಅಲ್ಲಿ ಒಂದೇ ಒಂದು ಮಾತೂ ಬರೆದಿರಲಿಲ್ಲ.

"ಇಷ್ಟು ಮಂದಿ ನಮ್ಮ ಮಣೂಕದ ಬಗ್ಗೆ ಬರದಾರಂತ. ಒಬ್ಬಾಂವನರ ಫೋನ್ ಮಾಡಬೇಕಿತ್ತಲ್ಲ?" ಅಂದರು ಕಾಕಾ.

"ಕಾಕಾರ, ಇವರು ಯಾರೂ ಇಲ್ಲೇ ಇಲ್ರಿ. ಬರೀ ಹೆಸರು ಹಚ್ಚಿ ಹೋಗ್ಯಾರ" ಅಂದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನಾ ಸುಳ್ಳ ಸಾಕ್ಷಿಗೆ ರೊಕ್ಕಾ ಕೊಟ್ಟೆ ಅನ್ನು" ಅಂದರು.

ಇಡೀ ವಿಷಯ ಆ ಒಂದು ಮಾತಿನಲ್ಲಿ ಇದೆ. ಉಳಿದದ್ದನ್ನು ನಾನು ಬಿಡಿಸಿ ಹೇಳುತ್ತೇನೆ.

ಲಿಂಕ್ ಅಂದರೆ ಸಾಕ್ಷಿ

ಒಂದು ವೆಬ್‌ಸೈಟಿನಲ್ಲಿ ಇನ್ನೊಂದರ ವಿಳಾಸ ಹಾಕಿ, ಒತ್ತಿದರೆ ಅಲ್ಲಿಗೆ ಹೋಗುವಂತೆ ಮಾಡಿದರೆ ಅದು ಲಿಂಕ್. ಯಾರ ಕಡೆಗೆ ಲಿಂಕ್ ಬಂತೋ ಅವರ ಲೆಕ್ಕದಲ್ಲಿ ಅದು ಬ್ಯಾಕ್‌ಲಿಂಕ್.

ನಮ್ಮಲ್ಲಿ ಬೀಗತನ ಮಾಡುವ ಮೊದಲು ಏನು ಮಾಡುತ್ತೇವೆ? ಆ ಊರಿಗೆ ಹೋಗಿ ನಾಲ್ಕು ಮಂದಿಯನ್ನು ಕೇಳುತ್ತೇವೆ. ಹಿರಿಯರು, ಅಂಗಡಿಯವರು, ಶಾಲೆ ಮಾಸ್ತರರು. ಒಳ್ಳೆಯ ಮನೆತನ ಅಂತ ಅವರೆಲ್ಲ ಹೇಳಿದರೆ ಮುಂದುವರಿಯುತ್ತೇವೆ. ಊರಿನಲ್ಲಿ ಬೆಲೆ ಇರುವ ಮನುಷ್ಯ ಹೇಳಿದ ಮಾತಿಗೆ ತೂಕ ಹೆಚ್ಚು. ದಾರಿಹೋಕ ಹೇಳಿದ್ದಕ್ಕೆ ಅಷ್ಟಿಲ್ಲ.

ಗೂಗಲ್ ಹುಟ್ಟಿದ್ದೇ ಈ ಲೆಕ್ಕದಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ 1998ರಲ್ಲಿ ಇದನ್ನು ವಿವರಿಸಿ ಪ್ರಬಂಧ ಬರೆದರು. ಒಂದು ಪುಟಕ್ಕೆ ಎಷ್ಟು ಲಿಂಕ್ ಬಂದಿವೆ, ಲಿಂಕ್ ಕೊಟ್ಟವರ ತೂಕ ಎಷ್ಟು ಅಂತ ಎಣಿಸಿ ಪುಟದ ಬೆಲೆ ಕಟ್ಟುವುದು ಅವರ ಉಪಾಯ. ಅದಕ್ಕೆ ಪೇಜ್‌ರ‍್ಯಾಂಕ್ ಅಂತ ಹೆಸರಿಟ್ಟರು. ವಿದ್ವಾಂಸರು ಒಬ್ಬರ ಗ್ರಂಥವನ್ನು ಇನ್ನೊಬ್ಬರು ಉಲ್ಲೇಖಿಸುವ ಪದ್ಧತಿಯೇ ಅದರ ಮೂಲ.

ನಮ್ಮ ವಿಜಯಪುರದವರಿಗೆ ಇದನ್ನು ಹೇಳಲು ಸ್ಟ್ಯಾನ್‌ಫರ್ಡ್‌ವರೆಗೆ ಹೋಗಬೇಕಿಲ್ಲ. ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲರಾಗಿದ್ದವರು. ಮನೆಮನೆಗಳಲ್ಲಿದ್ದ ತಾಳೆಗರಿ ಹುಡುಕಿ, ವಚನಗಳನ್ನು ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಇವತ್ತು ವಚನದ ಬಗ್ಗೆ ಯಾರು ಬರೆದರೂ ಹಳಕಟ್ಟಿಯವರ ಹೆಸರು ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ಅವೆಲ್ಲ ಅವರಿಗೆ ಬಂದ ಬ್ಯಾಕ್‌ಲಿಂಕ್‌ಗಳೇ. ಅದಕ್ಕೆ ಅವರು ಯಾವ ಪ್ಯಾಕೇಜೂ ಕೊಂಡಿರಲಿಲ್ಲ.

ಸಾಕ್ಷಿ ಮಾರಾಟಕ್ಕೆ ಬಂದಾಗ

ಲಿಂಕಿಗೆ ಬೆಲೆ ಇದೆ ಅಂತ ಗೊತ್ತಾದ ಮೇಲೆ ಸುಳ್ಳು ಲಿಂಕ್ ಹುಟ್ಟಲು ತಡವಾಗಲಿಲ್ಲ. ಅತ್ಯಂತ ಅಗ್ಗದ ದಾರಿ ಪ್ರೊಫೈಲ್. ಸಾವಿರಾರು ಚರ್ಚಾ ತಾಣಗಳಲ್ಲಿ ಯಾರು ಬೇಕಾದರೂ ಪುಕ್ಕಟೆ ಖಾತೆ ತೆರೆಯಬಹುದು. ಖಾತೆಯಲ್ಲಿ 'ನಿಮ್ಮ ವೆಬ್‌ಸೈಟ್' ಅನ್ನುವ ಒಂದು ಕಿಂಡಿ ಇರುತ್ತದೆ. ಅದರಲ್ಲಿ ಗಿರಾಕಿಯ ವಿಳಾಸ ತುಂಬಿ ಮುಂದಿನ ತಾಣಕ್ಕೆ ಹೋಗುವುದು. ಕೆಲಸ ಇಷ್ಟೇ.

ಮಾರುವವರು ಇದನ್ನು "ಡಿಎ 90 ಪ್ಲಸ್ ಬ್ಯಾಕ್‌ಲಿಂಕ್" ಅಂತ ಕರೆಯುತ್ತಾರೆ. ಡಿಎ ಅಂದರೆ ಡೊಮೈನ್ ಅಥಾರಿಟಿ. ಅದು ಮೋಝ್ ಅನ್ನುವ ಖಾಸಗಿ ಕಂಪನಿ ತನ್ನ ಲೆಕ್ಕಕ್ಕೆ ಹಾಕುವ ಅಂಕಿ. ಗೂಗಲ್ ಅದನ್ನು ಬಳಸುವುದಿಲ್ಲ. ದೊಡ್ಡ ತಾಣದ ಅಂಕಿ 90 ಇರಬಹುದು. ಆದರೆ ನಿನ್ನೆ ತೆರೆದ, ಯಾರೂ ನೋಡದ ನಿಮ್ಮ ಪ್ರೊಫೈಲ್ ಪುಟಕ್ಕೆ ಆ ತೂಕ ಬರುವುದಿಲ್ಲ. ವಿಧಾನಸೌಧದ ಎದುರು ನಿಂತು ಫೋಟೊ ತೆಗೆಸಿಕೊಂಡವರೆಲ್ಲ ಮಂತ್ರಿ ಆಗುವುದಿಲ್ಲ.

ಈ ಆಟವನ್ನು ತಡೆಯುವ ಕೆಲಸ ಇಪ್ಪತ್ತು ವರ್ಷದಿಂದ ನಡೆದಿದೆ. ಜನವರಿ 2005ರಲ್ಲಿ ಗೂಗಲ್, ಯಾಹೂ, ಎಂಎಸ್‌ಎನ್ ಕೂಡಿ 'ನೋಫಾಲೋ' ಅನ್ನುವ ಗುರುತು ತಂದವು. ತಾಣದವರು ಲಿಂಕಿನ ಒಳಗೆ ಈ ಗುರುತು ಹಾಕಿದರೆ "ಇದು ನನ್ನ ಶಿಫಾರಸು ಅಲ್ಲ" ಅಂತ ಹುಡುಕಾಟದ ಯಂತ್ರಕ್ಕೆ ಹೇಳಿದಂತೆ. 2007ರಲ್ಲಿ ಇಂಗ್ಲಿಷ್ ವಿಕಿಪೀಡಿಯ ಹೊರಗಿನ ಲಿಂಕ್‌ಗಳಿಗೆಲ್ಲ ಇದನ್ನೇ ಹಾಕಿತು. 2019ರಲ್ಲಿ ಓದುಗರೇ ಬರೆದ ಭಾಗಕ್ಕೆ 'ಯುಜಿಸಿ', ಹಣ ಕೊಟ್ಟ ಲಿಂಕಿಗೆ 'ಸ್ಪಾನ್ಸರ್ಡ್' ಅಂತ ಬೇರೆ ಗುರುತುಗಳು ಬಂದವು. ಪ್ರೊಫೈಲ್ ಪುಟದ ಲಿಂಕ್‌ಗಳಲ್ಲಿ ಈ ಗುರುತು ಇರುವುದು ಸಾಮಾನ್ಯ. ಅಂದರೆ ಕಾಕಾ ಕೊಂಡ ಸಾಕ್ಷಿಯ ಹಣೆಯ ಮೇಲೆ "ಇವನ ಮಾತು ಲೆಕ್ಕಕ್ಕಿಲ್ಲ" ಅಂತ ಮೊದಲೇ ಬರೆದಿರುತ್ತದೆ.

ಏಪ್ರಿಲ್ 2012ರಲ್ಲಿ ಗೂಗಲ್ 'ಪೆಂಗ್ವಿನ್' ಹೆಸರಿನ ಬದಲಾವಣೆ ತಂದು, ಸುಳ್ಳು ಲಿಂಕ್ ಕಟ್ಟಿದ ತಾಣಗಳನ್ನು ಕೆಳಗೆ ತಳ್ಳಿತು. 2016ರಿಂದ ಹೆಚ್ಚಾಗಿ ಇಂಥ ಲಿಂಕ್‌ಗಳನ್ನು ಲೆಕ್ಕಕ್ಕೇ ಹಿಡಿಯದೆ ಬಿಡುತ್ತದೆ. ಡಿಸೆಂಬರ್ 2022ರಲ್ಲಿ 'ಸ್ಪ್ಯಾಮ್‌ಬ್ರೇನ್' ಅನ್ನುವ ಎಐ ವ್ಯವಸ್ಥೆಯನ್ನು ಲಿಂಕ್ ಕೊಳ್ಳುವವರು, ಮಾರುವವರನ್ನು ಹಿಡಿಯಲೂ ಬಳಸಿತು. ಚರ್ಚಾ ತಾಣದ ಬರಹದಲ್ಲೋ ಸಹಿಯಲ್ಲೋ ಲಿಂಕ್ ತುರುಕುವುದನ್ನು ಗೂಗಲ್ ತನ್ನ ನಿಯಮದಲ್ಲಿ ಹೆಸರಿಟ್ಟೇ ಸ್ಪ್ಯಾಮ್ ಅಂದಿದೆ.

ದೊಡ್ಡವರೂ ಸಿಕ್ಕಿಬಿದ್ದಿದ್ದಾರೆ. ಫೆಬ್ರವರಿ 2011ರಲ್ಲಿ ಅಮೆರಿಕದ ಹಳೆಯ ಅಂಗಡಿ ಸರಣಿ ಜೆ.ಸಿ. ಪೆನ್ನಿಯ ಕಥೆಯನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಹೊರಹಾಕಿತು. ಸಂಬಂಧವೇ ಇಲ್ಲದ ನೂರಾರು ತಾಣಗಳಿಂದ ಅದಕ್ಕೆ ಲಿಂಕ್ ಬಂದಿದ್ದವು. ಗೂಗಲ್ ಕ್ರಮ ತಗೊಂಡ ಸಂಜೆ, ಒಂದು ಬಗೆಯ ಸೂಟ್‌ಕೇಸ್ ಹುಡುಕಾಟದಲ್ಲಿ ಮೊದಲನೇ ಸ್ಥಾನದಲ್ಲಿದ್ದ ಕಂಪನಿ ಎರಡು ತಾಸಿನಲ್ಲಿ 71ಕ್ಕೆ ಇಳಿಯಿತು. ತನಗೇನೂ ಗೊತ್ತಿಲ್ಲ ಅಂದ ಕಂಪನಿ, ಆ ಕೆಲಸ ನೋಡುತ್ತಿದ್ದ ಸಂಸ್ಥೆಯನ್ನು ತೆಗೆದುಹಾಕಿತು. ಅಂಥವರಿಗೆ ಬೇರೆ ಸಂಸ್ಥೆ ಹಿಡಿಯಲು ಹಣ ಇರುತ್ತದೆ. ಕಾಕಾನ 18 ಸಾವಿರ ಹೋದರೆ ಮುಂದಿನ ವರ್ಷದ ಔಷಧಿ ಖರ್ಚಿನಲ್ಲಿ ಕಡಿತ.

ಗೋಳಗುಮ್ಮಟದ ಮೇಲಿನ ಮೊಗಸಾಲೆಗೆ ಹೋದವರಿಗೆ ಗೊತ್ತು. ಒಮ್ಮೆ ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಕೇಳುತ್ತದೆ. ಏಳು ಸಲ ಕೇಳಿತು ಅಂತ ಏಳು ಮಂದಿ ತಟ್ಟಿದರು ಅಂತ ಸಣ್ಣ ಹುಡುಗರೂ ತಿಳಿಯುವುದಿಲ್ಲ. ಗೂಗಲ್ಲೂ ಅಷ್ಟು ಕಲಿತಿದೆ. ಕಲಿಯದೆ ಉಳಿದವರು ನಾವು, ಹಣ ಕೊಟ್ಟು ಪ್ರತಿಧ್ವನಿ ಕೊಳ್ಳುವವರು.

ನಾನೂ ಮಾಡಿದ್ದೇನೆ

ಇಷ್ಟು ಬುದ್ಧಿ ಹೇಳುವ ಮೊದಲು ನನ್ನದೂ ಹೇಳಬೇಕು. ಡಿಪ್ಲೊಮಾ ಮುಗಿಸಿ ಸ್ಟ್ರಿಂಜರ್ ಆದ ಮೇಲೆ ನಾನೊಂದು ಸುದ್ದಿ ಪುಟ ಶುರು ಮಾಡಿದ್ದೆ. ಓದುವವರು ಬರಲಿಲ್ಲ. ಯಾರದೋ ಯೂಟ್ಯೂಬ್ ವಿಡಿಯೋ ನೋಡಿ ರಾತ್ರಿ ಹನ್ನೊಂದರಿಂದ ಎರಡರವರೆಗೆ ಕೂತು ಪ್ರೊಫೈಲ್ ಮಾಡಿದೆ. ಒಂದು ತಿಂಗಳು. ನಾನು ಒಂದು ದಿನವೂ ಹೋಗದ ಊರುಗಳ ಹೆಸರಿನಲ್ಲಿ, ನನ್ನದಲ್ಲದ ಹೆಸರುಗಳಲ್ಲಿ. ಪುಟ ಎಲ್ಲಿತ್ತೋ ಅಲ್ಲೇ ಇತ್ತು.

ಆ ತಿಂಗಳು ಬಬಲೇಶ್ವರ ಭಾಗದಲ್ಲಿ ಏತ ನೀರಾವರಿ ಕಾಲುವೆ ಕೆಲಸದ ಬಗ್ಗೆ ಬರೆಯಬೇಕಾಗಿದ್ದ ಎರಡು ಸುದ್ದಿ ಬಿಟ್ಟೆ. ಹಣ ಹೋಗಲಿಲ್ಲ, ನಿದ್ದೆ ಹೋಯಿತು, ಸುದ್ದಿ ಹೋಯಿತು. ಇವತ್ತಿಗೂ ಮನಸ್ಸಿಗೆ ಹತ್ತುವುದು ಆ ಸುದ್ದಿ ಹೋದದ್ದು.

ಈ ಪ್ರೊಫೈಲ್ ಮಾಡುವವರು ಯಾರು?

ಇದು ಕೊಳ್ಳುವವರ ಕಥೆ. ಮಾಡುವವರು ಯಾರು ಅಂತ ಕೇಳಿದರೆ ಅವರೂ ನಮ್ಮ ಮಕ್ಕಳೇ. ಡಿಗ್ರಿ ಮುಗಿಸಿ ಮನೆಯಲ್ಲಿರುವ ಬಬಲೇಶ್ವರದ ಕಡೆಯ ಒಬ್ಬ ತಂಗಿ ನನಗೆ ಹೇಳಿದಳು: "ಅಣ್ಣಾರ, ಒಂದೊಂದು ಪ್ರೊಫೈಲ್‌ಗೆ ಇಂತಿಷ್ಟು ಅಂತ ಕೊಡ್ತಾರ್ರಿ. ಶುರುವಿಗೆ ಕೊಟ್ರು. ಆಮ್ಯಾಲ ಅರ್ಧಾ ಲಿಂಕ್ ಡಿಲೀಟ್ ಆಗ್ಯಾವ ಅಂತ ಕಟ್ ಮಾಡಿದ್ರು." ಕೆಲವು ತಾಣಗಳು ಮೊಬೈಲ್ ಒಟಿಪಿ ಕೇಳುತ್ತಿದ್ದವು. ಆಕೆ ಅವ್ವನ ನಂಬರು, ತಮ್ಮನ ನಂಬರು ಕೊಟ್ಟಿದ್ದಳು.

ನನಗೆ ಹೆದರಿಕೆ ಆದದ್ದು ಅಲ್ಲಿ. ನಿಮ್ಮ ನಂಬರಿನ ಮೇಲೆ ಬೇರೆಯವರಿಗಾಗಿ ತೆರೆದ ಖಾತೆಯಿಂದ ನಾಳೆ ಯಾರೋ ಮೋಸ ಮಾಡಿದರೆ, ಪೊಲೀಸರು ಮೊದಲು ಬರುವುದು ನಂಬರ್ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ. ಒಟಿಪಿ ಅಂದರೆ ಹೆಬ್ಬೆಟ್ಟು ಇದ್ದಂತೆ. ಹೆಬ್ಬೆಟ್ಟು ಬಾಡಿಗೆಗೆ ಕೊಡಬಾರದು.

ಇದಕ್ಕೆ ಹತ್ತಿರದ ಇನ್ನೊಂದು ಬಲೆಯೂ ಇದೆ. ಟೆಲಿಗ್ರಾಂನಲ್ಲಿ "ಮನೆಯಲ್ಲೇ ಕೂತು ರೇಟಿಂಗ್ ಕೊಡಿ, ಲೈಕ್ ಒತ್ತಿ" ಅಂತ ಶುರುವಾಗಿ, ಮೊದಲು ನೂರಿನ್ನೂರು ಕೊಟ್ಟು, ನಂತರ "ದೊಡ್ಡ ಟಾಸ್ಕ್‌ಗೆ ಡಿಪಾಸಿಟ್ ಕಟ್ಟಿ" ಅನ್ನುತ್ತಾರೆ. ಕೆಲಸ ಕೊಡುವವರು ನಿಮ್ಮಿಂದಲೇ ಹಣ ಕೇಳಿದರೆ ಅದು ಕೆಲಸ ಅಲ್ಲ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೂ ಹೋಗಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತ ಸರಕಾರದ 'ಸಂಚಾರ್ ಸಾಥಿ' ತಾಣದಲ್ಲಿ ನೋಡಬಹುದು.

"ಎಲ್ಲರೂ ಮಾಡ್ತಾರಲ್ರಿ?"

ನಗರದಲ್ಲಿ ಡಿಜಿಟಲ್ ಮಾರ್ಕೆಟಿಂಗ್ ಕೆಲಸ ಮಾಡುವ ಒಬ್ಬ ಗೆಳೆಯ ನನ್ನ ಜೊತೆ ವಾದಕ್ಕೆ ಬಂದ. "ದೊಡ್ಡ ಕಂಪನಿಗಳು ಲಕ್ಷಗಟ್ಟಲೆ ಕೊಟ್ಟು ಪತ್ರಿಕೆಗಳಲ್ಲಿ ಬರೆಸಿಕೊಳ್ತಾರ. ಅದು ನಡೀತದ. ಸಣ್ಣವರು ಪುಕ್ಕಟೆ ಪ್ರೊಫೈಲ್ ಮಾಡಿದ್ರ ಅದು ಮೋಸ. ಇದ್ಯಾವ ನ್ಯಾಯ?"

ಅವನ ಮಾತಿನಲ್ಲಿ ನಿಜ ಇದೆ. ಗೂಗಲ್ ಧರ್ಮಛತ್ರ ಅಲ್ಲ, ಜಾಹೀರಾತಿನ ವ್ಯಾಪಾರ. ಹಣ ಇದ್ದವರ ಮಾತು ಅಲ್ಲಿ ಮೇಲೆ ಕಾಣುತ್ತದೆ. ಇನ್ನೊಂದು ಮಾತೂ ಒಪ್ಪುತ್ತೇನೆ. ಪ್ರೊಫೈಲಿನಲ್ಲಿ ವಿಳಾಸ ಹಾಕುವುದೇ ತಪ್ಪಲ್ಲ. ದ್ರಾಕ್ಷಿ ಬೆಳೆಗಾರರ ಚರ್ಚಾ ತಾಣದಲ್ಲಿ ನಿಮ್ಮ ಹೆಸರಿನಲ್ಲೇ ಖಾತೆ ತೆರೆದು, ಬೂದಿರೋಗದ ಬಗ್ಗೆ ಒಬ್ಬರಿಗೆ ಉತ್ತರ ಕೊಟ್ಟು, ಕೆಳಗೆ ನಿಮ್ಮ ತೋಟದ ವಿಳಾಸ ಇದ್ದರೆ ಅದು ಪರಿಚಯ. ಓದಿದವರು ಬರುತ್ತಾರೆ. ಅದಕ್ಕೆ ನೋಫಾಲೋ ಇದ್ದರೂ ಚಿಂತೆ ಇಲ್ಲ, ಬರುವವರು ಮನುಷ್ಯರು.

ಆದರೆ ದೊಡ್ಡವರ ಮೋಸಕ್ಕೆ ಸಣ್ಣವರ ಮೋಸ ಉತ್ತರ ಅಲ್ಲ. ಅದರಲ್ಲೂ ಫಲವೇ ಇಲ್ಲದ ಮೋಸ. ಮತ್ತು ಆ ಕಾರು ರಿಪೇರಿ, ಮೀನು ಸಾಕಣೆಯ ತಾಣಗಳನ್ನು ನಡೆಸುವವರೂ ಎಷ್ಟೋ ಸಲ ಬಿಡುವಿನ ಹೊತ್ತಿನಲ್ಲಿ ಸಂಬಳವಿಲ್ಲದೆ ದುಡಿಯುವವರು. ಅವರ ಅಂಗಳದಲ್ಲಿ ನಾವು 500 ಕಸದ ಪೊಟ್ಟಣ ಎಸೆದು ಬಂದರೆ ಗುಡಿಸಬೇಕಾದವರು ಅವರು. ನಮ್ಮ ಹೊಲದ ಬದುವಿನಲ್ಲಿ ಯಾರಾದರೂ ಹಾಗೆ ಮಾಡಿದರೆ ಸುಮ್ಮನಿರುತ್ತೇವಾ?

ನಮ್ಮ ಹೆಸರು ಎಲ್ಲಿ ಹೋಗುತ್ತದೆ?

ನನ್ನ ನಿಜವಾದ ಸಿಟ್ಟು ಬೇರೆ ಕಡೆ ಇದೆ.

ಟಿಕೋಟಾ, ಬಬಲೇಶ್ವರ ಭಾಗದ ರೈತರು ಟ್ಯಾಂಕರ್ ನೀರು ಹಾಕಿಯೂ ದ್ರಾಕ್ಷಿ ಉಳಿಸಿಕೊಂಡವರು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಮಣೂಕ. ಆ ಮಣೂಕದ ದೊಡ್ಡ ಪಾಲು ಗಡಿ ದಾಟಿ ತಾಸಗಾಂವ, ಸಾಂಗ್ಲಿ ಮಾರುಕಟ್ಟೆಗೆ ಹೋಗುತ್ತದೆ. ಸಾಂಗ್ಲಿ ಒಣದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಲ್ಲಿಂದ ಮುಂದೆ ಹೋಗುವ ಡಬ್ಬಿಯ ಮೇಲೆ ಟಿಕೋಟಾದ ಹೆಸರು ನಾನು ಇದುವರೆಗೆ ಕಂಡಿಲ್ಲ.

ನನ್ನ ಸುದ್ದಿಯ ಕಥೆಯೂ ಅದೇ. ಬೆಳಿಗ್ಗೆ ಬೈಕಿನಲ್ಲಿ ಹೋಗಿ, ಬಿಸಿಲಿನಲ್ಲಿ ನಿಂತು, ರೈತರನ್ನು ಮಾತಾಡಿಸಿ ಬರೆದ ಸುದ್ದಿ ಸಂಜೆಯೊಳಗೆ ನಾಲ್ಕು ಪೋರ್ಟಲ್‌ನಲ್ಲಿ ಇರುತ್ತದೆ. ಫೋಟೊ ನನ್ನದು, ಮಾತು ನನ್ನದು, ಲಿಂಕ್ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೆ ಅವರು ಮೇಲೆ, ನಾನು ಕಾಣುವುದೇ ಇಲ್ಲ. ಒಂದು ಕಡೆ ಸುಳ್ಳು ಲಿಂಕ್ ಸಾವಿರಗಟ್ಟಲೆ ಮಾರಾಟ ಆಗುತ್ತಿದೆ. ಇನ್ನೊಂದು ಕಡೆ ಕೊಡಲೇಬೇಕಾದ ಒಂದು ನಿಜವಾದ ಲಿಂಕ್ ಕೊಡಲು ಜನಕ್ಕೆ ಕೈ ಬರುವುದಿಲ್ಲ.

ಹೆಸರು ಗಳಿಸುವ ನೇರ ದಾರಿ ನಮ್ಮ ಜಿಲ್ಲೆಗೇ ಗೊತ್ತು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದಕ್ಕೆ ದಾಖಲೆ ಕೊಡಬೇಕಾಯಿತು. ಮಣ್ಣು, ಹವೆ, ಹಣ್ಣಿನ ಗುಣ, ಬೆಳೆದ ಇತಿಹಾಸ. ಅರ್ಜಿ, ಪರಿಶೀಲನೆ, ಕಾಯುವಿಕೆ. ನಿಧಾನ ಆಯಿತು, ಆದರೆ ಯಾರೂ ಡಿಲೀಟ್ ಮಾಡಲಾರದ ಸಾಕ್ಷಿ ಅದು.

ಹಾಗಾದರೆ ಏನು ಮಾಡಬೇಕು?

ಕಾಕಾನ ಮಗನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

1. ಗೂಗಲ್‌ನಲ್ಲಿ ಮೊದಲನೇ ಸ್ಥಾನದ ಗ್ಯಾರಂಟಿ ಕೊಡಲು ಯಾರಿಂದಲೂ ಆಗದು ಅಂತ ಗೂಗಲ್ಲೇ ಬರೆದಿದೆ. ಗ್ಯಾರಂಟಿ ಕೊಡುವವರ ಫೋನ್ ಅಲ್ಲೇ ಇಡಿ.

2. ಮೊದಲು ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಬಿಸಿನೆಸ್ ಪ್ರೊಫೈಲ್ ಮಾಡಿ. ಪುಕ್ಕಟೆ. ನಿಮ್ಮ ಶೆಡ್ಡಿನ ನಿಜವಾದ ಫೋಟೊ, ಫೋನ್ ನಂಬರು, ತೆರೆದಿರುವ ಹೊತ್ತು ಹಾಕಿ. ಮಾಲು ಕೊಂಡವರಿಂದ ಅವರಿಗೆ ಅನಿಸಿದ್ದನ್ನು ಬರೆಸಿ. ಬಂಧು ಬಳಗದಿಂದ ಸುಳ್ಳು ಹೊಗಳಿಕೆ ಬರೆಸಬೇಡಿ, ಅದೂ ಇದೇ ಜಾತಿಯ ಮೋಸ.

3. ಕೊಳ್ಳುವವರು ಏನು ಕೇಳುತ್ತಾರೋ ಅದನ್ನು ನಿಮ್ಮ ಪುಟದಲ್ಲಿ ಬರೆಯಿರಿ. ಥಾಮ್ಸನ್ನೋ, ಮಾಣಿಕ್ ಚಮನ್ನೋ? ಯಾವ ತಿಂಗಳು ಒಣಗಿಸಿದ್ದು? ಕಡಿಮೆ ಅಂದರೆ ಎಷ್ಟು ಕಿಲೋ ಕೊಡುತ್ತೀರಿ? ಪಾರ್ಸೆಲ್ ಹೇಗೆ? ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದರೆ ಇನ್ನೂ ಒಳ್ಳೆಯದು.

4. ನಿಜವಾದ ಲಿಂಕ್ ಕೇಳಿ ಪಡೆಯಿರಿ. ನಿಮ್ಮ ಮಾಲು ಮಾರುವ ಅಂಗಡಿಯವರು, ನಿಮ್ಮ ರೈತ ಉತ್ಪಾದಕ ಕಂಪನಿ, ನಿಮ್ಮ ತೋಟ ನೋಡಲು ಬಂದ ಹಿಟ್ನಳ್ಳಿ ಕೃಷಿ ಕಾಲೇಜಿನಂಥ ಸಂಸ್ಥೆಯವರು ತಮ್ಮ ಪುಟದಲ್ಲಿ ನಿಮ್ಮ ಬಗ್ಗೆ ಬರೆದರೆ ವಿಳಾಸ ಹಾಕಲು ಹೇಳಿ. ಇಂಥ ಐದು ಲಿಂಕಿನ ಮುಂದೆ ಆ ಐನೂರು ಏನೂ ಅಲ್ಲ.

5. ವೆಬ್‌ಸೈಟಿನ ಹೆಸರು ನಿಮ್ಮ ಹೆಸರಿನಲ್ಲೇ ನೋಂದಣಿ ಆಗಿರಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ಹೊಲದ ಉತಾರ ಬೇರೆಯವರ ಹೆಸರಿನಲ್ಲಿ ಬಿಡುತ್ತೀರಾ?

6. ಗೂಗಲ್‌ನ 'ಸರ್ಚ್ ಕನ್ಸೋಲ್' ಪುಕ್ಕಟೆ ಸಿಗುತ್ತದೆ. ನಿಮಗೆ ಯಾರು ಲಿಂಕ್ ಕೊಟ್ಟಿದ್ದಾರೆ, ಜನ ಏನು ಹುಡುಕಿ ಬಂದರು ಅಂತ ಅದರಲ್ಲೇ ಕಾಣುತ್ತದೆ. ಏಜೆನ್ಸಿಯವರ ಪಿಡಿಎಫ್ ನಂಬುವ ಮೊದಲು ಅದನ್ನು ನೋಡಿ.

7. ಹೇಳಿದ ಕೆಲಸ ಮಾಡದೆ ಹಣ ನುಂಗಿದ್ದರೆ ಬಿಲ್, ವಾಟ್ಸ್ಆ್ಯಪ್ ಮಾತು ಎಲ್ಲ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು ನನ್ನ ಜೊತೆಯ ಪತ್ರಕರ್ತ ಗೆಳೆಯರಿಗೆ ಒಂದು ಮಾತು. ಇಂಡಿಯ ಗೆಳೆಯ ಮಾಡಿದ ಸುದ್ದಿ ಆಧರಿಸಿ ನಾನು ಬರೆದರೆ ಅವನ ಹೆಸರು, ಅವನ ಲಿಂಕ್ ಹಾಕುತ್ತೇನೆ. ಸಿಂದಗಿಯ ಅಕ್ಕನ ಫೋಟೊ ಬಳಸಿದರೆ ಕೇಳಿ ಬಳಸುತ್ತೇನೆ, ಕೆಳಗೆ ಅವರ ಹೆಸರು ಬರೆಯುತ್ತೇನೆ. ನೀವೂ ಹಾಗೆ ಮಾಡಿ. ನಮ್ಮ ನಮ್ಮಲ್ಲೇ ಈ ಪದ್ಧತಿ ಇಲ್ಲದಿದ್ದರೆ ಬೆಂಗಳೂರಿನ ಪೋರ್ಟಲ್‌ಗಳನ್ನು ಕೇಳುವ ಮುಖ ನಮಗಿಲ್ಲ.

ಮೊನ್ನೆ ಕಾಕಾ ಫೋನ್ ಮಾಡಿದ್ದರು. ಸೊಲ್ಲಾಪುರದ ಒಬ್ಬ ಬೇಕರಿಯವನು ಮ್ಯಾಪ್‌ನಲ್ಲಿ ಶೆಡ್ಡಿನ ಫೋಟೊ ನೋಡಿ 20 ಕಿಲೋ ಮಣೂಕ ಕೇಳಿದ್ದಾನಂತೆ. ದೊಡ್ಡ ವ್ಯಾಪಾರ ಏನಲ್ಲ. "ಒಬ್ಬಾಂವ ಖರೇನ ಫೋನ್ ಮಾಡಿದ ನೋಡು ತಮ್ಮಾ" ಅಂದರು. ಆ ಐನೂರು ಮಂದಿಯಲ್ಲಿ ಒಬ್ಬರೂ ಇನ್ನೂ ಫೋನ್ ಮಾಡಿಲ್ಲ.